ಲಕ್ಷ್ಯ-ಲಕ್ಷಣಗಳ ಸಮನ್ವಯಕಾರ ಪಂಡಿತ ವಿಷ್ಣು ನಾರಾಯಣ ಭಾತಖಂಡೆ

ವಿದ್ಯಾಧನವು ವ್ಯಯಮಾಡಿದಷ್ಟೂ ವರ್ಧಿಸುತ್ತದೆಂಬುದು ಸರ್ವವಿದಿತವಾದ ಸಂಗತಿ. ಅದರ ಇನ್ನೊಂದು ಮುಖವು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ನೆಲದಲ್ಲಿ ಹೂತಿಟ್ಟ ಹೊನ್ನು ಒಡೆಯನು ಗತಿಸಿದ ಮೇಲೂ ಅಲ್ಲಿಯೇ ಇರುತ್ತದೆ. ಎಂದಾದರೊಂದು ದಿನ ನೇಗಿಲಿಗೆ ತಾಗಿ ಮೇಲೆ ಬಂದೀತು. ಬಚ್ಚಿಟ್ಟ ವಿದ್ಯೆಗೆ ಆ ಭಾಗ್ಯವಿಲ್ಲ. ಬಲ್ಲವನು ಕಣ್ಣು ಮುಚ್ಚಿದೊಡನೆ ಅದೂ ಅಳಿಯುತ್ತದೆ. ಕಾವ್ಯವು ಓಲೆಯಲ್ಲಿ ಉಳಿಯಬಹುದು, ಶಿಲ್ಪವು ಕಲ್ಲಿನಲ್ಲಿ ಉಳಿಯಬಹುದು. ಕಂಠದಿಂದ ಕಂಠಕ್ಕೆ ಸಾಗಿ ಬರುವ ಸಂಗೀತವಾದರೋ ಒಂದೇ ಒಂದು ತಲೆಮಾರು ಮೌನ ತಾಳಿದರೆ ಮತ್ತೆ ಹುಟ್ಟಲಾರದು. ಈ ಅಪಾಯವನ್ನು ಕಣ್ಣಾರೆ ಕಂಡು, ಅದರ ಪರಿಹಾರಕ್ಕಾಗಿಯೇ ತಮ್ಮ ಬಾಳನ್ನು ಸವೆಸಿದ ಮಹನೀಯರು ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು. ಇಂದು ಭಾರತದ ಹಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯು ರಾಗವೊಂದರ ವಿಚಾರವಾಗಿ ಗ್ರಂಥಗಳನ್ನು ಶೋಧಿಸಿ, ಅದೇ ರಾಗವನ್ನು ತಂಬೂರಿ ಹಿಡಿದು ಸಭೆಯಲ್ಲಿ ಹಾಡಿ ತೋರಿಸುತ್ತಾನೆಂದರೆ, ಆ ಏರ್ಪಾಡಿನ ಮೂಲದಲ್ಲಿ ಭಾತಖಂಡೆಯವರ ತಪಸ್ಸು ಇದೆ.

ಭಾತಖಂಡೆಯವರು ೧೮೬೦ನೆಯ ಇಸವಿ ಆಗಸ್ಟ್ ೧೦ರಂದು, ಗೋಕುಲಾಷ್ಟಮಿಯ ದಿನ, ಮುಂಬಯಿಯ ವಾಲ್ಕೇಶ್ವರದಲ್ಲಿ ಜನಿಸಿದರು. ಅದು ಸಂಗೀತವನ್ನು ಕುಲವೃತ್ತಿಯಾಗಿ ಉಳ್ಳ ಮನೆತನವಲ್ಲ. ಅಂದಿನ ಮಧ್ಯಮವರ್ಗದ ಮನೆಗಳಲ್ಲಿ ಹುಡುಗನು ಇಂಗ್ಲಿಷ್ ವಿದ್ಯೆ ಕಲಿತು ಸರಕಾರಿ ನೌಕರಿಗೋ ವಕೀಲಿಗೋ ಸೇರಬೇಕೆಂಬುದೇ ಹಿರಿಯರ ಹಂಬಲ. ಗಾಯನ-ವಾದನಗಳು ದೇವರ ಮುಂದೆ ಭಜನೆಯಾಗಿ ಇರಬಹುದಾಗಿತ್ತೇ ಹೊರತು ಜೀವನದ ಉದ್ಯೋಗವಾಗಿ ಗೌರವಕ್ಕೆ ಪಾತ್ರವಾಗಿರಲಿಲ್ಲ. ವಿಷ್ಣುವಿಗೆ ಎಳವೆಯಲ್ಲಿಯೇ ನಾದದ ಸೆಳೆತವಿತ್ತು. ವಲ್ಲಭದಾಸರೆಂಬ ಸಿತಾರವಾದಕರ ಬಳಿ ಸಿತಾರ ಕಲಿಯುತ್ತ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತ ೧೮೮೫ರಲ್ಲಿ ಬಿ.ಎ. ಪದವಿಯನ್ನೂ, ೧೮೮೭ರಲ್ಲಿ ಕಾಯದೆಯ ಪದವಿಯನ್ನೂ ಪಡೆದರು. ಕೆಲಕಾಲ ಕರಾಚಿಯಲ್ಲಿಯೂ ಅನಂತರ ಮುಂಬಯಿಯಲ್ಲಿಯೂ ವಕೀಲಿ ನಡೆಸಿದರು.

ಅವರು ಇನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ, ೧೮೮೪ರಲ್ಲಿ, ಮುಂಬಯಿಯ ಗಾಯನ ಉತ್ತೇಜಕ ಮಂಡಳಿಯನ್ನು ಸೇರಿದರು. ೧೮೭೦ರಲ್ಲಿ ಪಾರಸಿ ಸಮಾಜದ ರಸಿಕರು ಸ್ಥಾಪಿಸಿದ್ದ ಈ ಸಂಸ್ಥೆಯು ಹೆಸರಾಂತ ಗಾಯಕರನ್ನು ಕರೆಸಿ ಹಾಡಿಸುತ್ತಿತ್ತು, ಪಾಠ ಹೇಳಿಸುತ್ತಿತ್ತು. ಭಾತಖಂಡೆಯವರಿಗೆ ಅದೇ ನಿಜವಾದ ಸಂಗೀತ ಪಾಠಶಾಲೆಯಾಯಿತು. ರಾವಜೀಬುವಾ ಬೇಲಬಾಗಕರರಿಂದ ಸುಮಾರು ೩೦೦ ಧ್ರುಪದಗಳನ್ನೂ, ಅಲೀ ಹುಸೇನ್ ಖಾನ್, ವಿಲಾಯತ್ ಹುಸೇನ್ ಖಾನ್ ಮುಂತಾದವರಿಂದ ಅನೇಕ ಖ್ಯಾಲುಗಳನ್ನೂ ಅವರು ಅಲ್ಲಿ ಸಂಪಾದಿಸಿಕೊಂಡರು. ಕಲಿತದ್ದನ್ನು ಬರೆದಿಟ್ಟುಕೊಳ್ಳುವುದು ಅವರ ಸ್ವಭಾವ. ಬರೆಯುತ್ತ ಹೋದಂತೆ ಒಂದು ಸಂದೇಹವು ಅವರನ್ನು ಕಾಡತೊಡಗಿತು. ಒಂದೇ ರಾಗವನ್ನು ಒಬ್ಬರು ಒಂದು ಬಗೆಯಾಗಿ, ಇನ್ನೊಬ್ಬರು ಬೇರೊಂದು ಬಗೆಯಾಗಿ ಹಾಡುತ್ತಾರೆ. ಕಾರಣವನ್ನು ಕೇಳಿದರೆ ಗುರುಗಳು ಹೀಗೆ ಕಲಿಸಿದರೆಂಬ ಒಂದೇ ಉತ್ತರ. ಶಾಸ್ತ್ರವನ್ನು ಬಲ್ಲೆವೆನ್ನುವ ಪಂಡಿತರು ಪ್ರಾಚೀನ ಗ್ರಂಥಗಳ ಹೆಸರನ್ನೇನೋ ಹೇಳುತ್ತಾರೆ. ಆದರೆ ಆ ಗ್ರಂಥದಲ್ಲಿಯ ರಾಗವನ್ನು ಹಾಡಿ ತೋರಿಸಲಾರರು. ಹಾಡುವವರಿಗೆ ಶಾಸ್ತ್ರವಿಲ್ಲ, ಶಾಸ್ತ್ರ ಬಲ್ಲವರಿಗೆ ಹಾಡಿಲ್ಲ. ಈ ಎರಡು ದಡಗಳ ನಡುವೆ ಸೇತುವೆಯನ್ನು ಕಟ್ಟುವುದೇ ತಮ್ಮ ಬಾಳಿನ ಕಾಯಕವೆಂದು ಅವರು ಬಗೆದರು.

ಅಂದಿನ ಪರಿಸ್ಥಿತಿಯನ್ನು ಇಲ್ಲಿ ತುಸು ನೆನೆಯಬೇಕು. ಮೊಗಲರ ದರಬಾರು, ಲಖನೌದ ನವಾಬರ ಆಸ್ಥಾನ ಇವು ಅಳಿದ ಮೇಲೆ ಉಸ್ತಾದರು ಗ್ವಾಲಿಯರ, ಜಯಪುರ, ರಾಮಪುರ, ಬಡೋದೆ ಮುಂತಾದ ಸಂಸ್ಥಾನಗಳಲ್ಲಿ ಚದುರಿಹೋಗಿದ್ದರು. ವಿದ್ಯೆಯೊಂದೇ ಅವರ ಆಸ್ತಿ. ಅಪರೂಪದ ಚೀಜುಗಳನ್ನು ಮಗನಿಗೆ ಇಲ್ಲವೇ ಅಳಿಯನಿಗೆ ಮಾತ್ರ ಹೇಳಿಕೊಟ್ಟು ಕಾಯ್ದುಕೊಳ್ಳುತ್ತಿದ್ದರು. ಹೊರಗಿನವರು ಇದನ್ನು ಜಿಪುಣತನವೆಂದು ಹಳಿಯಬಹುದು. ಆದರೆ ಅನ್ನಕ್ಕೆ ಬೇರೆ ಆಧಾರವಿಲ್ಲದವನು ತನ್ನ ಗದ್ದೆಯ ಬದುವನ್ನು ಕಾಯುವಂತೆಯೇ ಅವರು ತಮ್ಮ ಬಂದಿಶುಗಳನ್ನು ಕಾಯುತ್ತಿದ್ದರು. ಮನೆತನವೊಂದರಲ್ಲಿ ಗಂಡುಸಂತಾನ ನಿಂತರೆ, ಮಗನು ಬೇರೆ ವೃತ್ತಿ ಹಿಡಿದರೆ, ನೂರಾರು ವರುಷಗಳ ಸಂಪತ್ತು ಸದ್ದಿಲ್ಲದೆ ಮರೆಯಾಗುತ್ತಿತ್ತು.

ಈ ನಡುವೆ ಭಾತಖಂಡೆಯವರ ಸ್ವಂತ ಜೀವನದಲ್ಲಿ ದೊಡ್ಡ ಆಘಾತಗಳು ಬಂದೆರಗಿದವು. ೧೯೦೦ರಲ್ಲಿ ಪತ್ನಿಯು ತೀರಿಕೊಂಡರು. ೧೯೦೩ರಲ್ಲಿ ಮಗಳೂ ಅಗಲಿದಳು. ನಲವತ್ತರ ಪ್ರಾಯ ದಾಟಿದ ವಕೀಲರಿಗೆ ಮನೆಯು ಬರಿದಾಯಿತು. ಇಂಥ ದುಃಖದಲ್ಲಿ ಹಲವರು ಲೋಕಕ್ಕೆ ಬೆನ್ನು ಮಾಡುತ್ತಾರೆ. ಭಾತಖಂಡೆಯವರು ಲೋಕವನ್ನು ಸುತ್ತಹೊರಟರು. ೧೯೧೦ರ ಹೊತ್ತಿಗೆ ವಕೀಲಿಯನ್ನೂ ಕೈಬಿಟ್ಟರು. ಅಲ್ಲಿಂದಾಚೆಗೆ ಸಂಗೀತವೊಂದೇ ಅವರ ಸಂಸಾರ.

೧೯೦೪ರಲ್ಲಿ ಅವರು ದಕ್ಷಿಣದೇಶದ ಯಾತ್ರೆಯನ್ನು ಕೈಗೊಂಡರು. ೧೯೦೭ರಲ್ಲಿ ನಾಗಪುರ, ಹೈದರಾಬಾದು, ಕಲಕತ್ತೆಗಳ ಕಡೆಗೂ, ೧೯೦೮ರಲ್ಲಿ ಅಲಹಾಬಾದು, ಕಾಶಿ, ಲಖನೌ, ಆಗ್ರಾ, ದಿಲ್ಲಿ, ಜಯಪುರ, ಬಿಕಾನೇರ, ಉದಯಪುರಗಳ ಕಡೆಗೂ ಸಂಚರಿಸಿದರು. ದೇವದರ್ಶನಕ್ಕಿಂತ ಹೆಚ್ಚಾಗಿ ಗ್ರಂಥದರ್ಶನ, ವಿದ್ವದ್ದರ್ಶನಗಳೇ ಈ ಯಾತ್ರೆಗಳ ಉದ್ದೇಶ. ವಕೀಲರಾದವರು ಸಾಕ್ಷಿಯನ್ನು ವಿಚಾರಿಸುವ ಮೊದಲೇ ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡಿರುವಂತೆ, ಭಾತಖಂಡೆಯವರೂ ಪ್ರಶ್ನಾವಳಿಯೊಂದನ್ನು ಜೊತೆಗೆ ಒಯ್ಯುತ್ತಿದ್ದರು. ಯಾವ ರಾಗಕ್ಕೆ ಯಾವ ಸ್ವರಗಳು, ಯಾವುದು ವಾದಿ, ಯಾವುದು ವರ್ಜ್ಯ, ಅದಕ್ಕೆ ಯಾವ ಗ್ರಂಥದ ಆಧಾರ ಎಂದು ಕೇಳಿ, ದೊರೆತ ಉತ್ತರಗಳನ್ನು ದಿನಚರಿಯಲ್ಲಿ ಬರೆದಿಟ್ಟರು. ಅರಮನೆಯ ಪುಸ್ತಕಭಂಡಾರಗಳಲ್ಲಿ ಹಸ್ತಪ್ರತಿಗಳನ್ನು ನೋಡಿ ನಕಲು ಮಾಡಿಸಿಕೊಂಡರು.

ದಕ್ಷಿಣದ ಯಾತ್ರೆಯು ಅವರ ವಿಚಾರಕ್ಕೆ ಒಂದು ದಿಕ್ಕನ್ನು ತೋರಿತು. ಎಟ್ಟಯಪುರದಲ್ಲಿ ಅವರು ಸುಬ್ಬರಾಮ ದೀಕ್ಷಿತರನ್ನು ಕಂಡರು. ಸಂಗೀತ ಸಂಪ್ರದಾಯ ಪ್ರದರ್ಶಿನಿಯೆಂಬ ಮಹಾಗ್ರಂಥವನ್ನು ಅದೇ ೧೯೦೪ರಲ್ಲಿ ಬೆಳಕಿಗೆ ತಂದಿದ್ದ ವಯೋವೃದ್ಧರು ಅವರು. ಅವರಿಂದ ಭಾತಖಂಡೆಯವರಿಗೆ ವೆಂಕಟಮಖಿಯ ಚತುರ್ದಂಡೀಪ್ರಕಾಶಿಕೆಯ ಹಸ್ತಪ್ರತಿಯು ಲಭ್ಯವಾಯಿತು. ಹದಿನೇಳನೆಯ ಶತಮಾನದ ಈ ಗ್ರಂಥದಲ್ಲಿ ಸಪ್ತಸ್ವರಗಳ ವಿಕಲ್ಪಗಳನ್ನು ಗಣಿತಕ್ರಮದಿಂದ ಜೋಡಿಸಿ ೭೨ ಮೇಳಗಳನ್ನು ನಿರೂಪಿಸಲಾಗಿದೆ. ವೆಂಕಟಮಖಿಯು ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನ ಮಗ. ಆ ಮನೆತನವು ಕನ್ನಡ ಮೂಲದ್ದು. ಉತ್ತರದ ರಾಗಗಳಿಗೂ ಇಂಥದೊಂದು ಚೌಕಟ್ಟು ಸಾಧ್ಯವೆಂಬ ಹೊಳಹು ಭಾತಖಂಡೆಯವರಿಗೆ ಇಲ್ಲಿ ಬಲವಾಯಿತು. ವಿಜಯನಗರದ ರಾಮಾಮಾತ್ಯನು ೧೫೫೦ರಲ್ಲಿ ರಚಿಸಿದ ಸ್ವರಮೇಳಕಲಾನಿಧಿ, ಶಿವಗಂಗೆಯ ಸಮೀಪದ ಸಾತನೂರಿನಿಂದ ಉತ್ತರಕ್ಕೆ ಹೋಗಿ ಆಸ್ಥಾನವಿದ್ವಾಂಸನಾದ ಪುಂಡರೀಕ ವಿಠ್ಠಲನ ಸದ್ರಾಗಚಂದ್ರೋದಯ ಮುಂತಾದ ಗ್ರಂಥಗಳನ್ನೂ ಅವರು ಶೋಧಿಸಿ ಅಚ್ಚು ಹಾಕಿಸಿದರು. ಉತ್ತರಾದಿ ಸಂಗೀತದ ಆಧುನಿಕ ಶಾಸ್ತ್ರದ ಅಡಿಗಲ್ಲಿನಲ್ಲಿ ಕನ್ನಡನಾಡಿನ ಕಲ್ಲುಗಳೂ ಸೇರಿವೆಯೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಆದರೆ ಗ್ರಂಥಗಳ ಸಂಪಾದನೆಯಲ್ಲಿಯೇ ಅವರು ತೃಪ್ತರಾಗಿದ್ದರೆ ಒಬ್ಬ ಗ್ರಂಥಶೋಧಕರಾಗಿ ಮಾತ್ರ ಉಳಿಯುತ್ತಿದ್ದರು. ಅವರ ಹಿರಿಮೆಯು ಮುಂದಿನ ಹೆಜ್ಜೆಯಲ್ಲಿದೆ. ಭರತನ ನಾಟ್ಯಶಾಸ್ತ್ರವನ್ನೂ ಶಾರ್ಙ್ಗದೇವನ ಸಂಗೀತರತ್ನಾಕರವನ್ನೂ ವರ್ಷಗಟ್ಟಲೆ ಮಥಿಸಿದ ಮೇಲೆ, ಆ ಗ್ರಂಥಗಳ ರಾಗಲಕ್ಷಣವು ಇಂದು ಹಾಡುವ ರಾಗಗಳಿಗೆ ಹೊಂದಿಕೆಯಾಗುವುದಿಲ್ಲವೆಂದು ಅವರು ನಿಸ್ಸಂಕೋಚವಾಗಿ ಸಾರಿದರು. ಸಂಸ್ಕೃತ ಶಾಸ್ತ್ರದಲ್ಲಿ ಗೌರವವುಳ್ಳ ಪಂಡಿತನು ಈ ಮಾತನ್ನು ಹೇಳುವುದು ಸುಲಭವಲ್ಲ. ಪುರಾತನವೆಂಬ ಒಂದೇ ಕಾರಣಕ್ಕೆ ಗ್ರಂಥವನ್ನು ಪ್ರಮಾಣವೆನ್ನಲಾಗದು. ವ್ಯಾಕರಣವು ಭಾಷೆಯನ್ನು ಅನುಸರಿಸುವಂತೆ ಸಂಗೀತದ ಲಕ್ಷಣವು ಲಕ್ಷ್ಯವನ್ನು, ಎಂದರೆ ಜೀವಂತ ಗಾಯಕರ ಕಂಠದಲ್ಲಿರುವ ರೂಪವನ್ನು, ಅನುಸರಿಸಬೇಕೆಂಬುದು ಅವರ ಸಿದ್ಧಾಂತ. ೧೯೧೦ರಲ್ಲಿ ಚತುರಪಂಡಿತನೆಂಬ ಗುಪ್ತನಾಮದಿಂದ ಸಂಸ್ಕೃತದಲ್ಲಿ ಪ್ರಕಟಿಸಿದ ತಮ್ಮ ಗ್ರಂಥಕ್ಕೆ ಅವರು ಶ್ರೀಮಲ್ಲಕ್ಷ್ಯಸಂಗೀತವೆಂದು ಹೆಸರಿಟ್ಟುದರ ಮರ್ಮವೇ ಇದು. ಅದೇ ಕಾಲದಲ್ಲಿ ಮರಾಠಿಯಲ್ಲಿ ಹಿಂದುಸ್ತಾನೀ ಸಂಗೀತ ಪದ್ಧತಿಯೆಂಬ ವಿಸ್ತಾರವಾದ ಗ್ರಂಥವನ್ನು ಆರಂಭಿಸಿ ನಾಲ್ಕು ಸಂಪುಟಗಳಲ್ಲಿ ಮುಗಿಸಿದರು. ಅದು ಗುರುಶಿಷ್ಯರ ಸಂವಾದರೂಪದಲ್ಲಿದೆ. ಶಿಷ್ಯನು ಸಂದೇಹಪಡುತ್ತಾನೆ, ಗುರುವು ಗ್ರಂಥಗಳನ್ನು ತೆರೆದು ತೋರಿಸುತ್ತಾನೆ, ಬಳಿಕ ಪ್ರಯೋಗಕ್ಕೆ ತಂದು ನಿಲ್ಲಿಸುತ್ತಾನೆ.

ಇಂದಿನ ಸಂಗೀತ ವಿದ್ಯಾರ್ಥಿಯು ಬಾಯಿಪಾಠ ಮಾಡುವ ಬಿಲಾವಲ, ಕಲ್ಯಾಣ, ಖಮಾಜ, ಭೈರವ, ಪೂರ್ವಿ, ಮಾರವಾ, ಕಾಫಿ, ಅಸಾವರಿ, ಭೈರವಿ, ತೋಡಿ ಎಂಬ ಹತ್ತು ಥಾಟಗಳ ವಿಭಾಗವು ಭಾತಖಂಡೆಯವರದು. ರಾಗವನ್ನು ಇಂಥ ಹೊತ್ತಿನಲ್ಲಿ ಹಾಡಬೇಕೆಂಬ ರೂಢಿಗೂ ಅವರು ಸಪ್ತಕದ ಪೂರ್ವಾಂಗ ಉತ್ತರಾಂಗಗಳಲ್ಲಿ ವಾದಿಸ್ವರವು ಎಲ್ಲಿ ನಿಲ್ಲುತ್ತದೆಂಬುದರಿಂದ ಕಾರಣವನ್ನು ಹುಡುಕಿದರು. ಬರವಣಿಗೆಗೆ ಅತ್ಯಂತ ಸರಳವಾದ ಲಿಪಿಯೊಂದನ್ನು ರೂಪಿಸಿದರು. ಕೋಮಲಸ್ವರದ ಕೆಳಗೆ ಅಡ್ಡಗೆರೆ, ತೀವ್ರಮಧ್ಯಮದ ಮೇಲೆ ನಿಲುಗೆರೆ, ಮಂದ್ರಕ್ಕೆ ಕೆಳಗೊಂದು ಚುಕ್ಕೆ, ತಾರಕ್ಕೆ ಮೇಲೊಂದು ಚುಕ್ಕೆ, ಒಂದು ಮಾತ್ರೆಯೊಳಗಿನ ಸ್ವರಗಳಿಗೆ ಕೆಳಗೊಂದು ಕಮಾನು, ತಾಳದ ಸಮಕ್ಕೆ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ. ಸಣ್ಣ ಊರಿನ ಮುದ್ರಣಾಲಯವೂ ಅಚ್ಚು ಹಾಕಬಹುದಾದ, ಶಾಲೆಯ ಹುಡುಗನೂ ಒಂದೆರಡು ವಾರಗಳಲ್ಲಿ ಓದಬಹುದಾದ ಲಿಪಿಯಿದು. ರಾಗದ ಲಕ್ಷಣವನ್ನು ಆ ರಾಗದಲ್ಲಿಯೇ ಹಾಡಿ ಹೇಳುವ ಲಕ್ಷಣಗೀತೆಗಳನ್ನೂ ರಚಿಸಿದರು.

ಈ ಲಿಪಿಯು ಸಾರ್ಥಕವಾದುದು ಕ್ರಮಿಕ ಪುಸ್ತಕ ಮಾಲಿಕೆಯಲ್ಲಿ. ಅದರ ಆರು ಭಾಗಗಳಲ್ಲಿ ಸಾವಿರದ ಎಂಟುನೂರಕ್ಕೂ ಮಿಕ್ಕಿದ ಬಂದಿಶುಗಳು ಸ್ವರತಾಳ ಸಮೇತವಾಗಿ ಅಚ್ಚಾದವು. ಇವನ್ನು ಕಲೆಹಾಕಿದ ಬಗೆಯೇ ಒಂದು ಕಥೆ. ಜಯಪುರದ ಮಹಮ್ಮದ್ ಅಲೀ ಖಾನರ ಮನೆತನವು ಮನರಂಗನ ಪರಂಪರೆಯದು. ಅವರ ಇಬ್ಬರು ಮಕ್ಕಳನ್ನು ಹಾಡಿಸಿ ಫೋನೋಗ್ರಾಫಿನಲ್ಲಿ ಧ್ವನಿಯನ್ನು ಹಿಡಿದು, ಅನಂತರ ಅದನ್ನು ಬರೆದುಕೊಂಡರು. ರಾಮಪುರದಲ್ಲಿ ತಾನಸೇನನ ವಂಶದವರೆಂದು ಮನ್ನಣೆ ಪಡೆದ ಬೀನಕಾರ ವಜೀರ್ ಖಾನರಿದ್ದರು. ನವಾಬ ಹಾಮಿದ್ ಅಲೀ ಖಾನರೂ ಅವರ ಶಿಷ್ಯರು. ಹಿರಿಯ ಪ್ರಾಯದ ಭಾತಖಂಡೆಯವರು, ಆ ವೇಳೆಗೆ ದೇಶಪ್ರಸಿದ್ಧ ಗ್ರಂಥಕಾರರಾಗಿದ್ದರೂ, ವಜೀರ್ ಖಾನರಿಂದ ಗಂಡಾ ಕಟ್ಟಿಸಿಕೊಂಡು ಶಿಷ್ಯತ್ವವನ್ನು ಸ್ವೀಕರಿಸಿದರು. ವಿದ್ಯೆಯ ಮುಂದೆ ವಯಸ್ಸು, ಜಾತಿ, ಮತ, ಪದವಿಗಳು ಅಡ್ಡಬರಲಿಲ್ಲ. ಮಿತ್ರರಾದ ವಕೀಲ ಭಾಲಚಂದ್ರ ಸೀತಾರಾಮ ಸುಕಥಣಕರರು ಗ್ರಂಥಪ್ರಕಟಣೆಯ ಭಾರವನ್ನು ಹೊತ್ತರು.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಭಾತಖಂಡೆಯವರು ತಮ್ಮ ದಿನಚರಿಗಳಲ್ಲಿಯೂ ಗ್ರಂಥಗಳಲ್ಲಿಯೂ ಉಸ್ತಾದರ ಅನಕ್ಷರತೆಯ ವಿಚಾರವಾಗಿ, ಅವರು ವಿದ್ಯೆಯನ್ನು ಮುಚ್ಚಿಡುವ ವಿಚಾರವಾಗಿ ಕಟುವಾಗಿ ಬರೆದದ್ದುಂಟು. ಕೆಲವರು ಇದರಿಂದ ನೊಂದರು. ಆದರೆ ಕ್ರಮಿಕ ಪುಸ್ತಕಗಳ ಪ್ರತಿಯೊಂದು ಪುಟವೂ ಆ ಉಸ್ತಾದರ ಮತ್ತು ಅವರ ಪೂರ್ವಿಕರ ದಾನವೇ ಆಗಿದೆ. ಬರೆದುಕೊಂಡವರ ಕೀರ್ತಿಯೊಡನೆ ಹಾಡಿಕೊಟ್ಟವರ ಋಣವನ್ನೂ ಸ್ಮರಿಸಿದಾಗಲೇ ಈ ಕಥೆಯು ಪೂರ್ಣವಾಗುತ್ತದೆ. ಸಿದ್ಧಾಂತದಲ್ಲಿಯೂ ದೋಷಗಳಿಲ್ಲವೆಂದಲ್ಲ. ಎರಡು ಮಧ್ಯಮಗಳನ್ನು ಬಳಸಿ ಪಂಚಮವನ್ನು ಬಿಡುವ ಲಲಿತದಂತಹ ರಾಗವನ್ನು ಮಾರವಾ ಥಾಟಿಗೆ ಸೇರಿಸಿದ್ದು ಬಲವಂತದ ಹೊಂದಿಕೆಯೆಂದು ವಿದ್ವಾಂಸರು ಆಕ್ಷೇಪಿಸಿದರು. ಆಕ್ಷೇಪಿಸುವುದಕ್ಕೂ ಒಂದು ಸ್ಪಷ್ಟವಾದ ವ್ಯವಸ್ಥೆಯು ಎದುರಿಗಿರಬೇಕಷ್ಟೆ. ಅದನ್ನು ಒದಗಿಸಿದವರು ಅವರೇ.

ಒಬ್ಬನೇ ಶೋಧಿಸಿದರೆ ಸಾಲದು, ವಿದ್ವಾಂಸರು ಒಂದೆಡೆ ಕುಳಿತು ನಿರ್ಣಯಿಸಬೇಕೆಂಬುದು ಅವರ ಅಭಿಲಾಷೆ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ೧೯೧೬ರ ಮಾರ್ಚಿಯಲ್ಲಿ ಪ್ರಥಮ ಅಖಿಲಭಾರತ ಸಂಗೀತ ಪರಿಷತ್ತು ಸೇರಿತು. ಅಲ್ಲಿ ಬೆಳಗು ಶಾಸ್ತ್ರಚರ್ಚೆ, ಇರುಳು ಗಾಯನವಾದನ. ಶ್ರುತಿಗಳ ವಿಚಾರವಾಗಿ ವಾದವೆದ್ದಾಗ ಧ್ರುಪದ ಗಾಯಕ ಜಾಕಿರುದ್ದೀನ್ ಖಾನರಂತಹವರ ಕಂಠವೇ ಸಾಕ್ಷ್ಯವಾಯಿತು. ಲಕ್ಷ್ಯವೇ ಪ್ರಮಾಣವೆಂಬ ಸಿದ್ಧಾಂತವು ಹೀಗೆ ಸಭೆಯಲ್ಲಿ ಆಚರಣೆಗೆ ಬಂದಿತು. ಅನಂತರ ೧೯೧೮ರಲ್ಲಿ ದಿಲ್ಲಿ, ೧೯೧೯ರಲ್ಲಿ ಕಾಶಿ, ೧೯೨೪ ಮತ್ತು ೧೯೨೫ರಲ್ಲಿ ಲಖನೌಗಳಲ್ಲಿ ಪರಿಷತ್ತುಗಳು ನೆರೆದವು. ರಾಷ್ಟ್ರೀಯ ಸಂಗೀತ ವಿದ್ಯಾಪೀಠವೊಂದು ಆಗಬೇಕೆಂದು ಬಡೋದೆಯಲ್ಲಿಯೇ ಅವರು ಆಶಿಸಿದ್ದರು. ಅಂಥ ವಿದ್ಯಾಪೀಠವು ಅವರ ಜೀವಮಾನದಲ್ಲಿ ಮೂಡಲಿಲ್ಲ. ಆದರೆ ೧೯೧೮ರಲ್ಲಿ ಗ್ವಾಲಿಯರದ ಮಹಾರಾಜ ಮಾಧವರಾವ್ ಸಿಂಧಿಯಾರು ಮಾಧವ ಸಂಗೀತ ಮಹಾವಿದ್ಯಾಲಯವನ್ನು ತೆರೆದರು. ಅದಕ್ಕೆ ಬೇಕಾದ ಅಧ್ಯಾಪಕರ ತಂಡವನ್ನು ಮುಂಬಯಿಗೆ ಕಳಿಸಿ ಭಾತಖಂಡೆಯವರಿಂದ ತರಬೇತಿ ಕೊಡಿಸಿದರು. ಮುಂದೆ ಖ್ಯಾತರಾದ ರಾಜಾಭೈಯಾ ಪೂಂಛವಾಲೆಯವರು ಆ ತಂಡದಲ್ಲಿದ್ದರು. ವಿದ್ಯಾರ್ಥಿಗಳಿಗಿಂತ ಮೊದಲು ಅಧ್ಯಾಪಕರನ್ನು ಸಿದ್ಧಪಡಿಸಬೇಕೆಂಬ ದೂರದೃಷ್ಟಿಯು ಇಲ್ಲಿ ಗಮನಾರ್ಹವಾದುದು.

ಲಖನೌದ ಪರಿಷತ್ತುಗಳ ಫಲವಾಗಿ ೧೯೨೬ರಲ್ಲಿ ಆ ನಗರದಲ್ಲಿ ಸಂಗೀತ ಮಹಾವಿದ್ಯಾಲಯವು ಆರಂಭವಾಯಿತು. ದರಿಯಾಬಾದಿನ ಜಮೀನುದಾರರಾದ ರಾಯ್ ಉಮಾನಾಥ ಬಲಿಯವರೂ, ಸಂಯುಕ್ತಪ್ರಾಂತದ ವಿದ್ಯಾಮಂತ್ರಿಗಳಾಗಿದ್ದ ರಾಯ್ ರಾಜೇಶ್ವರ ಬಲಿಯವರೂ ಇದಕ್ಕೆ ಹೆಗಲು ಕೊಟ್ಟರು. ಪ್ರಾಂತದ ಗವರ್ನರರಾಗಿದ್ದ ವಿಲಿಯಂ ಮ್ಯಾರಿಸರ ಹೆಸರಿನಿಂದ ಅದು ಮ್ಯಾರಿಸ್ ಕಾಲೇಜೆನಿಸಿತು. ಮುಂದೆ ಕೈಸರಬಾಗಿನಲ್ಲಿ, ನವಾಬ ವಾಜಿದ್ ಅಲೀ ಶಾಹರ ಕಾಲದ ಪರೀಖಾನೆಯ ಕಟ್ಟಡದಲ್ಲಿ, ಅದು ನೆಲೆಗೊಂಡಿತು. ನವಾಬನೊಬ್ಬನ ವಿಲಾಸಕ್ಕಾಗಿ ಕಟ್ಟಿದ ಮನೆಯಲ್ಲಿ ಸಾಮಾನ್ಯರ ಮಕ್ಕಳು ಕುಳಿತು ಸ್ವರಸಾಧನೆ ಮಾಡತೊಡಗಿದರು. ಭಾತಖಂಡೆಯವರ ಆಶಯಕ್ಕೆ ಇದಕ್ಕಿಂತ ತಕ್ಕ ನೆಲೆಯು ದೊರೆಯಲಾರದು.

ಇದೇ ೧೯೨೬ರಲ್ಲಿ ಕನ್ನಡನಾಡಿನ ವಿಜಾಪುರದಲ್ಲಿ ಇನ್ನೊಬ್ಬ ವಕೀಲರು ಶಿವಾನುಭವವೆಂಬ ಪತ್ರಿಕೆಯನ್ನು ಹೊರಡಿಸಿದರು. ಅವರು ರಾವಬಹಾದೂರ ಫ. ಗು. ಹಳಕಟ್ಟಿಯವರು. ಮನೆಮನೆಗಳಲ್ಲಿ, ಮಠಮಠಗಳಲ್ಲಿ ಪೂಜೆಯ ಗಂಟಿನಲ್ಲಿದ್ದ ಓಲೆಗಳನ್ನು ಬೇಡಿ ತಂದು, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗಿತ್ತು, ಶರಣರ ವಚನಗಳನ್ನು ಲೋಕದ ಕೈಗೆ ಕೊಟ್ಟವರು ಅವರು. ಒಬ್ಬರು ಕಂಠದಲ್ಲಿ ಅಡಗಿದ್ದ ಗೀತವನ್ನೂ, ಒಬ್ಬರು ಗಂಟಿನಲ್ಲಿ ಅಡಗಿದ್ದ ವಚನವನ್ನೂ ಹೊರತಂದರು. ಇಬ್ಬರೂ ವಕೀಲಿಯ ಸಂಪಾದನೆಯನ್ನು ಬದಿಗಿರಿಸಿದವರು. ಜ್ಞಾನವು ಕೆಲವರ ಸೊತ್ತಾಗಿರದೆ ದಾಸೋಹವಾಗಬೇಕೆಂಬ ಒಂದೇ ತತ್ತ್ವವು, ಪರಸ್ಪರ ದೂರವಿದ್ದ ಈ ಇಬ್ಬರು ಮಹನೀಯರಲ್ಲಿ ಒಂದೇ ಕಾಲದಲ್ಲಿ ಕೆಲಸಮಾಡಿತು.

ಮಹಾವಿದ್ಯಾಲಯವೇನೋ ತೆರೆಯಿತು. ಆದರೆ ವಿದ್ವತ್ಸಮಾಜದಲ್ಲಿ ಒಂದು ಕಠಿನವಾದ ಪ್ರಶ್ನೆಯೆದ್ದಿತು. ಗಂಟೆ ಹೊಡೆದೊಡನೆ ತರಗತಿಗೆ ಬಂದು, ಗಂಟೆ ಹೊಡೆದೊಡನೆ ಎದ್ದು ಹೋಗುವ ಹುಡುಗನು ಗಾಯಕನಾದಾನೆ? ಪುಸ್ತಕದ ಸ್ವರಗಳನ್ನು ನೋಡಿ ಹಾಡಿದರೆ ಮೀಂಡ, ಗಮಕ, ಕಣಸ್ವರಗಳ ಜೀವವು ಬರುವುದೆ? ಕಾಲೇಜು ಪದವೀಧರರನ್ನು ಹೆರಬಹುದು, ಕಲಾವಿದರನ್ನು ಹೆರಲಾರದೆಂಬ ಟೀಕೆಯು ಅಂದು ಬಲವಾಗಿತ್ತು, ಇಂದಿಗೂ ಅಳಿದಿಲ್ಲ. ಟೀಕೆಯಲ್ಲಿ ಹುರುಳಿಲ್ಲದೆಯೂ ಇಲ್ಲ. ಸ್ವರಲಿಪಿಯು ನಕಾಶೆಯಿದ್ದಂತೆ. ನಕಾಶೆಯನ್ನು ನೋಡಿದವನು ಊರನ್ನು ಕಂಡಂತಾಗುವುದಿಲ್ಲ. ಭಾತಖಂಡೆಯವರು ಸ್ವತಃ ಸಭಾಗಾಯಕರಾಗಿ ಹೆಸರಾದವರಲ್ಲವಾದ ಕಾರಣ, ಈ ಪ್ರಶ್ನೆಗೆ ಉತ್ತರವನ್ನು ಅವರು ತಮ್ಮ ಕಂಠದಿಂದ ಕೊಡಲಾಗುತ್ತಿರಲಿಲ್ಲ. ಶಿಷ್ಯರ ಕಂಠವೇ ಅದನ್ನು ಕೊಡಬೇಕಾಗಿತ್ತು.

ಆ ಉತ್ತರವಾಗಿ ಬಂದವರು ಶ್ರೀಕೃಷ್ಣ ನಾರಾಯಣ ರಾತಂಜನಕರರು. ಬಾಲ್ಯದಲ್ಲಿಯೇ ಭಾತಖಂಡೆಯವರ ಕೈಗೆ ಬಂದ ಈ ಮುಂಬಯಿಯ ಹುಡುಗನನ್ನು ಅವರು ತಮ್ಮ ಗ್ರಂಥಗಳ ಮಟ್ಟಿಗೆ ಕಟ್ಟಿಹಾಕಲಿಲ್ಲ. ಬಡೋದೆಯ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಆಗ್ರಾ ಘರಾಣೆಯ ಉಸ್ತಾದ ಫೈಯಾಜ್ ಖಾನರ ಬಳಿಗೆ ಕಲಿಯಲು ಕಳಿಸಿದರು. ಲಿಪಿಯನ್ನು ರೂಪಿಸಿದವರೇ ತಮ್ಮ ಅತ್ಯುತ್ತಮ ಶಿಷ್ಯನನ್ನು ಉಸ್ತಾದರ ಮುಂದೆ ಕೂಡಿಸಿದರೆಂಬುದು ಮನನೀಯವಾದ ಸಂಗತಿ. ಗ್ರಂಥವು ಗುರುವಿನ ಬದಲಿಗೆ ಅಲ್ಲ, ಗುರುವಿನ ಜೊತೆಗೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನೂ ಪಡೆದ ರಾತಂಜನಕರರು ೧೯೨೮ರಲ್ಲಿ ಮ್ಯಾರಿಸ್ ಕಾಲೇಜಿನ ಪ್ರಾಂಶುಪಾಲರಾದರು. ಅವರು ಗಾಯಕರು, ವಾಗ್ಗೇಯಕಾರರು, ಸಂಶೋಧಕರು, ಅಧ್ಯಾಪಕರು. ಹಗಲು ತರಗತಿಯಲ್ಲಿ ಪಾಠ ಹೇಳಿ, ಬೆಳಗು-ಸಂಜೆ ತಮ್ಮ ಮನೆಯಲ್ಲಿಯೇ ಇರಿಸಿಕೊಂಡ ಶಿಷ್ಯರಿಗೆ ರಿಯಾಜು ಮಾಡಿಸಿದರು. ಹೀಗೆ ಮಹಾವಿದ್ಯಾಲಯದೊಳಗೆ ಗುರುಕುಲವೊಂದು ಬೆಳೆಯಿತು. ಮೇಲಿನ ಪ್ರಶ್ನೆಗೆ ಅದೇ ಸಮಾಧಾನವಾಯಿತು.

ಭಾತಖಂಡೆಯವರ ಕೊನೆಯ ವರುಷಗಳು ಕಷ್ಟದವು. ೧೯೩೩ರಲ್ಲಿ ಪಾರ್ಶ್ವವಾಯು ಬಡಿಯಿತು. ತೊಡೆಯ ಎಲುಬೂ ಮುರಿಯಿತು. ದೇಶವನ್ನೆಲ್ಲ ಸುತ್ತಿದ ಕಾಲುಗಳು ಮೂರು ವರುಷ ಹಾಸಿಗೆಯಲ್ಲಿ ನಿಶ್ಚಲವಾದವು. ೧೯೩೬ನೆಯ ಸೆಪ್ಟೆಂಬರ್ ೧೯ರಂದು, ಗಣೇಶ ಚತುರ್ಥಿಯ ದಿನ, ಅವರು ಮುಂಬಯಿಯಲ್ಲಿ ದೇಹತ್ಯಾಗ ಮಾಡಿದರು. ಅವರ ನಂತರ ಅವರ ಹೆಸರನ್ನು ಹೇಳಲು ಸ್ವಂತ ಮಕ್ಕಳಿರಲಿಲ್ಲ.

ಆದರೆ ಅದೇ ವರುಷ ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಹನ್ನೊಂದು ವರುಷದ ಬಾಲಕನೊಬ್ಬನು ತಂದೆತಾಯಿಗಳನ್ನು ಬಿಟ್ಟು, ಭಾಷೆಯರಿಯದ ಲಖನೌಗೆ ಹೋಗಿ ರಾತಂಜನಕರರ ಮನೆಯನ್ನು ಸೇರಿದನು. ಆ ಬಾಲಕನೇ ಮುಂದೆ ಪಂಡಿತ ಕೆ. ಜಿ. ಗಿಂಡೆಯವರೆಂದು ಖ್ಯಾತರಾದರು. ಸಾವಿರಾರು ಬಂದಿಶುಗಳನ್ನು ನೆನಪಿನಲ್ಲಿಟ್ಟು, ಶಾಸ್ತ್ರದ ಸೂಕ್ಷ್ಮಗಳನ್ನು ವಿವರಿಸುತ್ತ ಅವನ್ನು ಹಾಡಿ ತೋರಿಸುತ್ತಿದ್ದ ಅವರು ೧೯೯೪ರಲ್ಲಿ ನಿಧನರಾಗುವವರೆಗೂ ವಿದ್ಯಾದಾನದಲ್ಲಿ ನಿರತರಾಗಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರಕರ, ಉತ್ತರ ಕನ್ನಡದ ಎಸ್. ಸಿ. ಆರ್. ಭಟ್ಟ ಮೊದಲಾದವರೂ ಅದೇ ಲಖನೌದ ಅಂಗಳದಲ್ಲಿ ಬೆಳೆದವರು. ರಾತಂಜನಕರರಲ್ಲಿ ಕಲಿತ ಸುಮತಿ ಮುಟಾಟಕರರು ಧ್ರುಪದ ಖ್ಯಾಲುಗಳ ಗಾಯಕಿಯಾಗಿಯೂ ಸಂಶೋಧಕಿಯಾಗಿಯೂ ಹೆಸರಾಗಿ, ದಿಲ್ಲಿ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥಾನವನ್ನು ಅಲಂಕರಿಸಿದರು. ಖೈರಾಗಢದಲ್ಲಿ ಇಂದಿರಾ ಕಲಾ ಸಂಗೀತ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ರಾತಂಜನಕರರು ಅದರ ಕುಲಪತಿಗಳಾದರು. ಸಂಗೀತಕ್ಕೆಂದೇ ಒಂದು ವಿಶ್ವವಿದ್ಯಾಲಯವೆಂಬ ಕನಸು ಗುರುವಿನ ಕಾಲದಲ್ಲಿ ನೆರವೇರದಿದ್ದರೂ ಶಿಷ್ಯನ ಕಾಲದಲ್ಲಿ ನೆರವೇರಿತು.

ಭಾರತ ಸರಕಾರವು ೧೯೬೧ರಲ್ಲಿ ಭಾತಖಂಡೆಯವರ ಶತಮಾನೋತ್ಸವದ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರತಂದಿತು. ೧೯೬೬ರಲ್ಲಿ ಮ್ಯಾರಿಸರ ಹೆಸರನ್ನು ಬದಲಿಸಿ ಮಹಾವಿದ್ಯಾಲಯಕ್ಕೆ ಭಾತಖಂಡೆಯವರ ಹೆಸರನ್ನೇ ಇಡಲಾಯಿತು. ೨೦೦೦ದಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ದೊರೆಯಿತು. ೨೦೨೨ರಲ್ಲಿ ಅದು ಉತ್ತರಪ್ರದೇಶದ ರಾಜ್ಯ ವಿಶ್ವವಿದ್ಯಾಲಯವಾಯಿತು. ಅಲ್ಲಿಯೂ, ಇತರ ವಿಶ್ವವಿದ್ಯಾಲಯಗಳಲ್ಲಿಯೂ ಸಂಗೀತ ವಿದ್ಯಾರ್ಥಿಗೆ ಬರೆಯುವ ಪರೀಕ್ಷೆಯೊಡನೆ ಹಾಡುವ ಪರೀಕ್ಷೆಯೂ ಇದೆ. ಹಾಡುವುದರಲ್ಲಿ ಸೋತವನನ್ನು ಬರವಣಿಗೆಯು ಕಾಪಾಡಲಾರದು. ಬರವಣಿಗೆಯನ್ನು ಅಲಕ್ಷಿಸಿದವನನ್ನು ಹಾಡು ಪೂರ್ಣವಾಗಿ ಕಾಪಾಡಲಾರದು.

ನುಡಿ ಮತ್ತು ನಡೆ ಒಂದಾಗಬೇಕೆಂಬುದು ಶರಣಧರ್ಮದ ತಿರುಳು. ಭಾತಖಂಡೆಯವರು ಸಂಗೀತಲೋಕದಲ್ಲಿ ಸಾಧಿಸಲು ಬಯಸಿದುದೂ ಅದನ್ನೇ. ಶಾಸ್ತ್ರವು ನುಡಿ, ಪ್ರಯೋಗವು ನಡೆ. ಈ ಸಾಧನೆಯಲ್ಲಿ ಅವರೊಬ್ಬರೇ ಇರಲಿಲ್ಲ. ಮಹಾರಾಜರು ಕಟ್ಟಡಗಳನ್ನು ಕೊಟ್ಟರು, ಮಿತ್ರರು ಮುದ್ರಣಕ್ಕೆ ನೆರವಾದರು, ಉಸ್ತಾದರು ಕಂಠದಲ್ಲಿದ್ದುದನ್ನು ಕೊಟ್ಟರು, ಅಧ್ಯಾಪಕರು ಆಯುಷ್ಯವನ್ನು ಕೊಟ್ಟರು. ಇವೆಲ್ಲವೂ ಕೂಡಿಬಂದ ಕಾರಣ ಬೈಲಹೊಂಗಲದ ಒಬ್ಬ ಹುಡುಗನಿಗೆ ಲಖನೌದಲ್ಲಿ ವಿದ್ಯೆ ದೊರೆಯಿತು; ಉಸ್ತಾದನ ಮಗನಲ್ಲದ, ಅರಮನೆಯ ನಂಟಿಲ್ಲದ ಅಂಥ ಸಾವಿರಾರು ಮಕ್ಕಳಿಗೆ ಅನಂತರ ದೊರೆಯುತ್ತ ಬಂದಿತು. ಯಾವ ಊರಿನ ಯಾವ ಶಾಲೆಯಲ್ಲಿಯೇ ಆಗಲಿ, ಮಗುವೊಂದು ಸ್ವರಪುಸ್ತಕವನ್ನು ಬಿಡಿಸಿ ಗುರುವಿನ ಮುಂದೆ ಕುಳಿತು ಷಡ್ಜವನ್ನು ಹಿಡಿದಾಗ, ಸ್ವಂತ ಮಕ್ಕಳಿಲ್ಲದೆ ತೀರಿಕೊಂಡ ಆ ಪಂಡಿತರ ವಂಶವು ಬೆಳೆಯುತ್ತಲೇ ಇರುತ್ತದೆ.